ಲ್ಯಾಪ್‌ಟಾಪಿಗೆ ಬಿದ್ದ ಏಟು

"ತಪ್ಪು ನಿಜವಾಗಿಯೂ ಎದುರಿನವರದೇ ಆಗಿದ್ದರೆ, ಸಿಟ್ಟು ಮಾಡುವುದರಲ್ಲಿ ತಪ್ಪೇನಿದೆ?" ಎಂದು ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡ ಶಿಷ್ಯ ಅವನು. ಅಂದು ಬೆಳಿಗ್ಗೆಯೂ ಯಾರ ಮೇಲೋ ಹರಿಹಾಯ್ದು ಬಂದಿದ್ದ. ಯಾರ ಮೇಲೆ ಎಂದು ಗುರುಗಳು ಕೇಳಲಿಲ್ಲ.

"ಸಿಟ್ಟು ಬಂದವರೆಲ್ಲ ನ್ಯಾಯ ತಮ್ಮ ಕಡೆಯೇ ಇದೆ ಎನ್ನುತ್ತಾರೆ. ನ್ಯಾಯ ಹೇಳದ ಸಿಟ್ಟನ್ನು ನಾನು ಇದುವರೆಗೆ ಕಂಡಿಲ್ಲ" ಎಂದರು. "ಹೋಗಲಿ, ನ್ಯಾಯ ನಿಜವಾಗಿಯೂ ತನ್ನ ಕಡೆಗೇ ಇದ್ದ ಒಬ್ಬ ದರ್ಜಿಯ ಕತೆ ಹೇಳುತ್ತೇನೆ. ಕೇಳು. ನಡುವೆ ಬಾಯಿ ಹಾಕಬೇಡ."

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ರವಿಕೆಗಳಿಗೆ ಎಂಬ್ರಾಯ್ಡರಿ ಹಾಕುವ ಯಂತ್ರ ಇಟ್ಟಿದ್ದ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಕೊಟ್ಟರೆ ಯಂತ್ರ ಅದನ್ನು ಬಟ್ಟೆಯ ಮೇಲೆ ಹೊಲಿಯುತ್ತಿತ್ತು. ಚಿತ್ರ ಬರೆಯುವವಳು ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದವಳು ಅಂಗಡಿಯ ಕೆಲಸಕ್ಕೆ ಕೂತಿದ್ದಳು.

ಅವಳ ಚಿತ್ರಗಳೇ ಆ ಅಂಗಡಿಯ ಜೀವ. ಹಿತ್ತಲಲ್ಲಿ ಕಂಡದ್ದೆಲ್ಲ ಅವಳ ಕೈಯಲ್ಲಿ ತೋಳಿನ ಅಂಚಾಗುತ್ತಿತ್ತು. ಹಾಗಲ ಬಳ್ಳಿ ಬರೆದಳು, ತೊಗರಿ ಹೂವು ಬರೆದಳು, ಒಮ್ಮೆ ಇರುವೆಗಳ ಸಾಲನ್ನೇ ಬರೆದಳು. ಇರುವೆ ಸಾಲಿನ ರವಿಕೆ ಬೇಕೆಂದು ಬೇರೆ ಊರಿನ ಹೆಂಗಸರು ಹುಡುಕಿಕೊಂಡು ಬಂದರು. ಹೊಲಿಯುವವರು ಆ ಬೀದಿಯಲ್ಲಿ ಇನ್ನೂ ಇದ್ದರು. ಹಾಗೆ ಬರೆಯುವವರು ಇನ್ನೊಬ್ಬರಿರಲಿಲ್ಲ. ದರ್ಜಿಗೂ ಇದು ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಅಪ್‌ಡೇಟ್ ಹಾಕಲೇ ಎಂದು ಲ್ಯಾಪ್‌ಟಾಪು ದಿನವೂ ಕೇಳುತ್ತಿತ್ತು. ತಂಗಿ ಒಂದು ಸಂಜೆ ಹೂಂ ಎಂದು ಒತ್ತಿದಳು. ಮರುದಿನ ಒಬ್ಬ ಮದುಮಗಳ ರವಿಕೆಯನ್ನು ಯಂತ್ರಕ್ಕೆ ಏರಿಸಿದ್ದರು. ಒಂದು ತೋಳು ಮುಗಿದಿತ್ತು. ಇನ್ನೊಂದರ ಚಿತ್ರ ತೆರೆದ ಕೂಡಲೇ ಪರದೆ ನೀಲಿಯಾಯಿತು. ಅದರ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಲ್ಯಾಪ್‌ಟಾಪು ತಾನಾಗಿ ಆರಿ, ತಾನಾಗಿ ಮತ್ತೆ ಶುರುವಾಯಿತು. ಮತ್ತೆ ಚಿತ್ರ ತೆರೆದರು, ಮತ್ತೆ ನೀಲಿಯಾಯಿತು. ಹೊಸ ಅಪ್‌ಡೇಟಿಗೂ ಚಿತ್ರ ಬರೆಯುವ ಪ್ರೋಗ್ರಾಮಿಗೂ ಹೊಂದಿಕೆಯಾಗಿರಲಿಲ್ಲ. ತಪ್ಪು ಅಪ್‌ಡೇಟ್ ಕಳಿಸಿದ ಕಂಪನಿಯದು. ಅದರಲ್ಲಿ ಅನುಮಾನವೇ ಬೇಡ.

"ಏನೋ ಬರದೇತಿ, ತಡಿ ಅಣ್ಣಾ, ಓದೂಣು" ಎಂದಳು ತಂಗಿ.

ಓದುವ ತಾಳ್ಮೆ ದರ್ಜಿಗೆ ಎಲ್ಲಿಯದು? ಮದುಮಗಳ ತಾಯಿ ಅಂಗಡಿಯ ಕಟ್ಟೆಯ ಮೇಲೆ ಕಾದು ಕೂತಿದ್ದಳು.

"ಯಾರು ಒತ್ತಿದ್ರು ಈ ಅಪ್‌ಡೇಟನ್ನ?" ಎಂದು ಕೂಗಿದ.

"ನಾನ ಒತ್ತೀನಿ. ದಿನಾ ಕೇಳತಿತ್ತು."

ಕಂಪನಿ ದೂರದಲ್ಲಿತ್ತು. ತಂಗಿ ಹತ್ತಿರದಲ್ಲಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ದರ್ಜಿ ಅಂಗೈ ಎತ್ತಿ ಲ್ಯಾಪ್‌ಟಾಪಿನ ಮೇಲೆ ಬಾರಿಸಿದ. ದನಿ ನಿಂತ ರೇಡಿಯೊಗೆ ಬಾರಿಸಿ ಬಾರಿಸಿ ರೂಢಿಯಾದ ಕೈ ಅದು. ಆಮೇಲೆ ತಂಗಿಯ ಕಡೆ ತಿರುಗಿದ.

"ಗಂಡನ ಮನಿ ಮುಳುಗಿಸಿ ಬಂದಿ. ಈಗ ನನ್ನ ಅಂಗಡೀನೂ ಮುಳುಗಿಸು!"

ಬೀದಿಯೆಲ್ಲ ಕೇಳಿತು. ಮದುಮಗಳ ತಾಯಿ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದಳು. ಅಂಥ ಮಾತಾಡಿದ ಬಾಯಿಗೆ ಮಣ್ಣು ಬೀಳಬಾರದೆ! ಹೇಳುವಾಗ ನನಗೂ ಮೈ ಉರಿಯುತ್ತದೆ.

ಬಹಳ ಜನರಿಗೆ ಇದೇ ತೊಂದರೆ ಆಗಿದ್ದಿರಬೇಕು. ಮರುದಿನವೇ ಕಂಪನಿ ತನ್ನ ತಪ್ಪನ್ನು ತಿದ್ದಿ ಇನ್ನೊಂದು ಅಪ್‌ಡೇಟ್ ಕಳಿಸಿತು. ಹಾಕಲೇ ಎಂದು ಲ್ಯಾಪ್‌ಟಾಪು ಮತ್ತೆ ಕೇಳಿತು. ತಂಗಿ ಕೈ ಮುಂದೆ ಮಾಡಲಿಲ್ಲ. ದರ್ಜಿಯೇ ಒತ್ತಿದ. ನೀಲಿ ಪರದೆ ಹೋಯಿತು.

ಆದರೂ ಲ್ಯಾಪ್‌ಟಾಪು ನೆಟ್ಟಗಾಗಲಿಲ್ಲ. ಮೊದಲು ಚಿತ್ರ ತೆರೆದಾಗ ಮಾತ್ರ ಕೈಕೊಡುತ್ತಿತ್ತು. ಈಗ ಹೊತ್ತುಗೊತ್ತಿಲ್ಲದೆ, ಮೇಜು ಅಲುಗಿದರೂ ಸಾಕು, ಕಪ್ಪಾಗಿ ಆರಿಹೋಗುತ್ತಿತ್ತು. ಆಗಿನ ಕಾಯಿಲೆ ಬೇರೆ, ಈಗಿನ ಕಾಯಿಲೆ ಬೇರೆ. ತಂಗಿಗೆ ಇದು ಕಂಡಿತು. ಆದರೆ ಅವಳು ಹೇಳಲಿಲ್ಲ. ಹೇಳಿದರೆ ಏನು ಸಿಗುತ್ತದೆ ಎಂದು ಅವಳಿಗೆ ಗೊತ್ತಾಗಿತ್ತು.

ದರ್ಜಿಗೆ ಕಾಣಲೇ ಇಲ್ಲ. ಕಂಪನಿಗೆ ಫೋನು ಮಾಡಿ ಬೈದ. ಬಂದ ಗಿರಾಕಿಗಳ ಎದುರು ಬೈದ. ಊಟಕ್ಕೆ ಕೂತಾಗ ಅನ್ನ ಕಲಸುತ್ತ ಬೈದ. ಅಷ್ಟರಲ್ಲಿ ಮದುಮಗಳ ಎರಡನೆಯ ತೋಳನ್ನು ತಂಗಿ ಕೈಸೂಜಿಯಿಂದಲೇ ಹೊಲಿದು ಮುಗಿಸಿದಳು. ಅದಕ್ಕೆ ಒಂದು ಒಳ್ಳೆಯ ಮಾತು ಆಡಲೂ ಅವನಿಗೆ ಪುರುಸೊತ್ತು ಸಿಗಲಿಲ್ಲ.

ಕೊನೆಗೆ ರಿಪೇರಿ ಮಾಡುವವನನ್ನು ಕರೆಸಿದರು. ಅವನು ಲ್ಯಾಪ್‌ಟಾಪಿನ ತಳ ಬಿಚ್ಚಿದ. ಒಳಗೆ ರ‍್ಯಾಮ್ ಎಂಬ ಸಣ್ಣ ಪಟ್ಟಿ ಇರುತ್ತದೆ. ಅದು ಕೂರಬೇಕಾದ ಜಾಗದಿಂದ ಸ್ವಲ್ಪ ಎದ್ದಿತ್ತು.

"ಇದಕ್ಕ ಯಾರರ ಏಟು ಹಾಕೀರೇನು?" ಎಂದು ಕೇಳಿದ.

"ಕಂಪನಿಯವರು ಅಪ್‌ಡೇಟ್ ಹಾಕಿ ಕೆಡಿಸ್ಯಾರ" ಎಂದ ದರ್ಜಿ.

"ಅದು ಆವಾಗಿಂದು. ಅದು ಎಂದೋ ಸರಿ ಆಗೇತಿ. ಇದು ಕೈ ಏಟು."

ರಿಪೇರಿಯವನು ಪಟ್ಟಿಯನ್ನು ಒತ್ತಿ ಕೂರಿಸಿದ. ತಳ ಮುಚ್ಚಿ ಹೊರಟುಹೋದ. ಲ್ಯಾಪ್‌ಟಾಪು ಮೊದಲಿನಂತೆ ಓಡಿತು.

ದರ್ಜಿಗೆ ಖುಷಿಯಾಯಿತು. ತಂಗಿಯನ್ನು ಕರೆದು ಕೂರಿಸಿ, ಹೊಸದೊಂದು ಚಿತ್ರ ಬರೆ ಎಂದ. ಅವಳು ಬೆರಳನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದಳು.

"ಅಣ್ಣಾ, ಒತ್ತಲೇನು?"

ಒತ್ತು ಎಂದ. ಪ್ರೋಗ್ರಾಮು ತೆರೆಯಿತು. ಬಣ್ಣ ಆರಿಸುವಾಗ ಮತ್ತೆ ಕೇಳಿದಳು. ಗೆರೆ ಎಳೆಯುವ ಮೊದಲು ಕೇಳಿದಳು. ಯಾವ ಹೂವು ಬರೆಯಲಿ ಎಂದೂ ಕೇಳಿದಳು. ದರ್ಜಿಗೆ ಯಾವ ಹೂವೂ ಹೊಳೆಯಲಿಲ್ಲ. ಹೊಳೆಯುತ್ತಿದ್ದದ್ದು ಅವಳಿಗೆ, ಅವನಿಗಲ್ಲ. ಕೊನೆಗೆ ಹಳೆಯ ಹಾಗಲ ಬಳ್ಳಿಯನ್ನೇ ಹಾಕು ಎಂದ. ಅವಳು ಅದನ್ನೇ ಹಾಕಿದಳು.

ಆ ಅಂಗಡಿಯಲ್ಲಿ ಆಮೇಲೆ ಹೊಸ ಚಿತ್ರ ಹುಟ್ಟಲಿಲ್ಲ. ಹೊಸದು ಕೇಳಿ ಬಂದವರು ಹಳೆಯದನ್ನು ನೋಡಿ ತಿರುಗಿ ಹೋದರು. "ಒಂದೊಂದಕ್ಕೂ ಏನು ಕೇಳತಿ?" ಎಂದು ದರ್ಜಿ ಈಗಲೂ ಗದರುತ್ತಾನೆ. ಗದರಿದಷ್ಟೂ ಅವಳು ಹೆಚ್ಚು ಕೇಳುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಅವನ ದನಿ ಏರಿತು.

"ಏನೇ ಹೇಳಿ ಗುರುಗಳೆ, ಮೊದಲು ತಪ್ಪು ಮಾಡಿದ್ದು ಆ ಕಂಪನಿಯೇ ಅಲ್ಲವೆ?"

"ಹೌದು, ಅದು ತನ್ನ ತಪ್ಪನ್ನು ಮರುದಿನವೇ ತಿದ್ದಿಕೊಂಡಿತು" ಎಂದರು ಗುರುಗಳು.