ಪಡುವಣ ಮೂಲೆಯ ಮರ

"ಗುರುಗಳೇ, ದುಡಿಯುವವಳಿಗೂ ದುಡಿಯದವನಿಗೂ ಒಂದೇ ಪಂಕ್ತಿಯೇ?"

ಹೀಗೆ ಕೇಳಿದವಳು ಬಾಳವ್ವ. ಮಠದ ಅಡುಗೆಮನೆ ನಡೆಯುತ್ತಿದ್ದದ್ದು ಅವಳಿಂದ. ಯಾರೂ ಎಬ್ಬಿಸದೆ ಏಳುವವಳು, ಯಾರೂ ಕಲಿಸದೆ ಓದು ಕಲಿತವಳು. ಇವತ್ತು ಅವಳ ಕೈಯಲ್ಲಿ ಸೌಟು ಇರಲಿಲ್ಲ. ಬಟ್ಟೆಯ ಗಂಟು ಇತ್ತು.

ಅವಳ ದೂರು ಈರಭದ್ರನ ಮೇಲೆ. ಅವನೂ ಗುರುಗಳ ಶಿಷ್ಯನೇ. ಪಾಠದ ನಡುವೆ ಬಾಯಿ ಹಾಕುತ್ತಿದ್ದ. ಸೌದೆ ತಾ ಎಂದರೆ, ಒಣಗಿದ ಮರವನ್ನು ಸೌದೆ ಎಂದು ಕರೆದವರು ಯಾರು ಎಂದು ವಾದಕ್ಕೆ ಕೂರುತ್ತಿದ್ದ.

"ಅವನ ಬಾಯಿ ತೆರೆಯುವುದು ಎರಡೇ ಕೆಲಸಕ್ಕೆ. ಉಣ್ಣುವುದಕ್ಕೆ, ವಾದಿಸುವುದಕ್ಕೆ," ಎಂದಳು ಬಾಳವ್ವ. "ಒಂದು ಅವನಿರಬೇಕು, ಇಲ್ಲ ನಾನಿರಬೇಕು. ಯಾವುದೆಂದು ಈಗಲೇ ಹೇಳಿಬಿಡಿ."

ಗುರುಗಳು ಗಂಟಿನ ಕಡೆ ನೋಡಿದರು. "ಕೂತುಕೋ ತಾಯಿ," ಎಂದರು.

ಬಾಳವ್ವ ಕೂತಳು. ಗಂಟನ್ನು ಮಾತ್ರ ಕೆಳಗಿಡಲಿಲ್ಲ. ಗುರುಗಳು ಕತೆ ಹೇಳಿದರು.

ದೂರದ ಒಂದು ಬೆಟ್ಟದ ಸೀಮೆ. ನಾವು ಎಳ್ಳಿನಿಂದ, ಕುಸುಬೆಯಿಂದ ಎಣ್ಣೆ ತೆಗೆಯುವಂತೆ ಅಲ್ಲಿಯವರು ಆಲಿವ್ ಹಣ್ಣಿನಿಂದ ತೆಗೆಯುತ್ತಾರೆ. ಅಲ್ಲಿ ಒಬ್ಬ ರೈತ ಹೆಂಗಸು ಇದ್ದಳು. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಕಲ್ಲುಗುಡ್ಡವೊಂದನ್ನು ತಾನೇ ಹಸನು ಮಾಡಿದಳು. ಸೀಮೆಗೆಲ್ಲ ಹೆಸರಾದ ಒಂದು ಮರದ ಕೊಂಬೆಗಳನ್ನು ಕೊಂಡು ತಂದು, ತುಂಡು ಮಾಡಿ ನೆಟ್ಟಳು. ಆಲಿವ್ ಬೀಜದಿಂದ ಹುಟ್ಟಿದರೆ ತಾಯಿಯ ಗುಣ ಮರೆತು ಕಾಡಿನ ಕಡೆಗೆ ತಿರುಗುತ್ತದೆ. ಕೊಂಬೆಯಿಂದ ಬೆಳೆದರೆ ತಾಯಿಯ ಪಡಿಯಚ್ಚು. ಹಾಗಾಗಿ ಅವಳ ತೋಟದ ಮರಗಳಿಗೆಲ್ಲ ಒಂದೇ ಎಲೆ, ಒಂದೇ ಹಣ್ಣು, ಒಂದೇ ರುಚಿಯ ಎಣ್ಣೆ. ತನ್ನ ತೋಟದಲ್ಲಿ ಪೊಳ್ಳು ಎಂಬುದೇ ಇಲ್ಲ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

ಪಡುವಣ ಮೂಲೆಯಲ್ಲಿ ಮಾತ್ರ ಬೇರೆ ಒಂದು ಮರವಿತ್ತು. ಅವಳು ನೆಟ್ಟದ್ದಲ್ಲ. ಹಕ್ಕಿ ಉಗುಳಿದ ಬೀಜದಿಂದ ಎದ್ದ ಕಾಡು ಆಲಿವ್. ಕಾಂಡ ಸೊಟ್ಟ, ಕಡ್ಡಿಗಳು ಮುಳ್ಳಿನಂತೆ. ಹಣ್ಣು ತೊಗರಿಕಾಳಿಗಿಂತ ತುಸು ದೊಡ್ಡದು. ಅದರಲ್ಲಿ ಸಿಪ್ಪೆ ಬಿಟ್ಟರೆ ಬೀಜ, ಬೀಜ ಬಿಟ್ಟರೆ ಸಿಪ್ಪೆ.

ಒಂದು ಸಲ ಎಣ್ಣೆಯ ವರ್ತಕ ಬಂದವನು ತೋಟವನ್ನೆಲ್ಲ ನೋಡಿ ಹೊಗಳಿದ. ಮೂಲೆಗೆ ಬಂದಾಗ ನಕ್ಕ.

"ಇದೇನವ್ವ, ಕರೆಯದೆ ಬಂದ ನೆಂಟನ ಹಾಗೆ ಮೂಲೆ ಹಿಡಿದು ನಿಂತಿದೆಯಲ್ಲ?"

"ಮುಂದಿನ ಸಲ ಬಂದಾಗ ಹುಡುಕಬೇಡ, ಸಿಗುವುದಿಲ್ಲ," ಎಂದಳು ಅವಳು.

ವರ್ತಕ ಗುಡ್ಡ ಇಳಿದು ಮುಗಿಸುವ ಮೊದಲೇ ಕೊಡಲಿಯ ಸದ್ದು ಅವನಿಗೆ ಕೇಳಿಸಿತು. ಕಡಿದದ್ದಾಯಿತು. ಆದರೆ ಆ ಮರವೆಲ್ಲ ಗಂಟುಗಂಟು, ಸೀಳಲು ಬಗ್ಗದು. ತುಂಡುಗಳನ್ನು ಅದರ ಬುಡದ ಮುಂದೆಯೇ ಒಟ್ಟಿ, ಕೈ ಕೊಡವಿಕೊಂಡು ಬಂದಳು.

ಮುಂದಿನ ವಸಂತದಲ್ಲಿ ತೋಟ ಎಂದಿನಂತೆ ಹೂ ಬಿಟ್ಟಿತು. ಹೂ ಉದುರಿದ ಮೇಲೆ ನೋಡಿದರೆ ಅಲ್ಲೊಂದು ಇಲ್ಲೊಂದು ಕಾಯಿ, ಮೆಣಸಿನ ಕಾಳಿನಷ್ಟು. ಅವೂ ದಪ್ಪವಾಗಲಿಲ್ಲ. ಆಲಿವ್ ಒಂದು ವರ್ಷ ಹೆತ್ತು ಮರುವರ್ಷ ದಣಿವಾರಿಸಿಕೊಳ್ಳುವ ಮರ. ಇದು ದಣಿವಿನ ವರ್ಷ ಎಂದುಕೊಂಡಳು. ಮರುವರ್ಷವೂ ಅದೇ ಹಾಡು. ಗೊಬ್ಬರ ಹಾಕಿದಳು. ಬಾವಿಯಿಂದ ನೀರು ಹೊತ್ತಳು. ಕೊಂಬೆ ಸವರಿದಳು, ದೃಷ್ಟಿಯನ್ನೂ ತೆಗೆದಳು. ಹೂವಿಗೆ ಬರವಿಲ್ಲ, ಕಾಯಿ ಇಲ್ಲ. ವರ್ತಕ ಬರುವುದು ನಿಂತಿತು. ಗಾಣದಲ್ಲಿ ಜೇಡ ಬಲೆ ಕಟ್ಟಿತು. ನೆರೆಯವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿ ಬದುಕಿದ ರೂಢಿ ಅವಳಿಗೆ ಇರಲಿಲ್ಲ.

ಕೆಲವು ವರ್ಷ ಹೀಗೇ ಹೋದವು. ಕೊನೆಗೆ ಅವಳು ಮತ್ತೆ ಕೊಡಲಿ ಮಸೆದಳು. ಹೂ ತೋರಿಸಿ ಮೋಸ ಮಾಡುವ ತೋಟವನ್ನು ಪೂರಾ ಕಡಿದು ಜವೆಗೋಧಿ ಬಿತ್ತುವುದೆಂದು ನಿಶ್ಚಯ ಮಾಡಿದಳು. ಪಡುವಣ ಅಂಚಿನಿಂದಲೇ ಶುರು ಮಾಡಲು ಹೋದಳು. ಕೊಡಲಿ ಎತ್ತಿದವಳು ಎತ್ತಿದ ಹಾಗೆಯೇ ನಿಂತಳು.

ಅಂಚಿನ ಮರಗಳಲ್ಲಿ ಕಾಯಿ ಇತ್ತು. ಮರದ ತುಂಬ ಅಲ್ಲ, ಮೂಲೆಯ ಕಡೆಗೆ ಚಾಚಿದ ಕೊಂಬೆಗಳಲ್ಲಿ ಮಾತ್ರ. ಹೆಬ್ಬೆರಳ ಗಾತ್ರದ, ಹಳೆಯ ದಿನಗಳ ಕಾಯಿ. ಕೊಂಬೆಗಳು ಚಾಚಿದ ಕಡೆಗೆ ಅವಳೂ ನೋಡಿದಳು. ಅಲ್ಲಿ ಅವಳೇ ಒಟ್ಟಿದ ಸೌದೆ ಇತ್ತು. ಸೌದೆಯ ಹಿಂದೆ, ಕಡಿದ ಬುಡದಿಂದ ಚಿಗುರೊಂದು ಅವಳ ಕಣ್ಣಿಗೆ ಬೀಳದಂತೆ ಎದ್ದು, ಆಳೆತ್ತರ ಬೆಳೆದು, ತನ್ನ ತೊಗರಿಕಾಳಿನಂಥ ಕಾಯಿ ಹೊತ್ತು ನಿಂತಿತ್ತು.

ಗುರುಗಳು ಇಲ್ಲಿ ಬಾಳವ್ವನ ಕಡೆ ತಿರುಗಿದರು.

"ಆಲಿವ್ ಹೂವಿಗೆ ಗಾಳಿಯೇ ದೂತ. ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುವುದು ಗಾಳಿ. ಅವಳು ನೆಟ್ಟ ಜಾತಿಗೆ ತನ್ನ ಪರಾಗ ತನಗೆ ಆಗಿಬರುವುದಿಲ್ಲ. ಗುಡ್ಡದ ತುಂಬ ಮರವಿದ್ದರೂ ಎಲ್ಲವೂ ಒಂದೇ ಮರದ ತುಂಡು. ಅಷ್ಟು ವರ್ಷ ಅವಳ ಗಾಣ ತಿರುಗಿದ್ದು ಆ ಸೊಟ್ಟ ಮರದಿಂದ."

ಬಾಳವ್ವನ ಕೈ ಸಡಿಲವಾಯಿತು. ಗಂಟು ನೆಲಕ್ಕೆ ಇಳಿಯಿತು.

"ಆಮೇಲೆ ಅವಳೇನು ಮಾಡಿದಳು?"

"ಸೌದೆ ತೆಗೆದು ಗಾಳಿಗೆ ದಾರಿ ಬಿಟ್ಟಳು. ಗಾಣ ತೊಳೆದಿಟ್ಟಳು."

ಬಾಳವ್ವ ಸೋಲು ಒಪ್ಪುವವಳಲ್ಲ. ಆದರೆ ಇಲ್ಲಿ ಸೋತಂತೆಯೂ ಅವಳಿಗೆ ಅನಿಸಲಿಲ್ಲ. ತೋಟ ಯಾರು, ಮೂಲೆಯ ಮರ ಯಾರು ಎಂಬುದು ಸ್ಪಷ್ಟವಾಗಿಯೇ ಇತ್ತು. ಅವಳ ಮುಖದಲ್ಲಿ ದೊಡ್ಡ ಮನಸ್ಸಿನ ನಗೆ ಮೂಡಿತು.

"ಹಾಗಾದರೆ ಆಗಲಿ ಗುರುಗಳೇ. ಕಾಡುಮರವಾದರೇನು, ಮೂಲೆಯಲ್ಲೊಂದು ಇರಲಿ ಬಿಡಿ. ಅವನ ರೊಟ್ಟಿಯನ್ನು ಇನ್ನು ನಾನೇ ಬಡಿಸುತ್ತೇನೆ," ಎಂದು ಗಂಟು ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟಳು.

ಬಾಗಿಲ ಬಳಿ ಗುರುಗಳ ಮಾತು ಅವಳನ್ನು ನಿಲ್ಲಿಸಿತು.

"ನಿನ್ನೆ ಈರಭದ್ರ ಗಂಟು ಹಿಡಿದು ಬಂದಾಗ ಈ ಕತೆಯ ರೈತ ಗಂಡಸಾಗಿದ್ದ, ತಾಯಿ. ಕತೆ ಮುಗಿದ ಮೇಲೆ ಅವನೂ ನಿನ್ನ ಬಗ್ಗೆ ಹೀಗೆಯೇ ಹೇಳಿದ, ಮೂಲೆಯಲ್ಲೊಂದು ಇರಲಿ ಬಿಡಿ ಎಂದು."