ಗೋಲಿನ ಹಿಂದಿನ ಕಂಬಿ

ಆಗಸ್ಟ್ ಹದಿನೆಂಟು, ಸೋಮವಾರ. ಬೆಳಗಿನಿಂದ ಮೋಡ; ಮಳೆ ಇಲ್ಲ, ಗಾಳಿಯೂ ಇಲ್ಲ.

"ಮೇಷ್ಟ್ರೇ, ಸೋತು ಬರುವವರಿಗೋಸ್ಕರ ನಾವು ಯಾಕೆ ಗಂಟಲು ಹರಿದುಕೊಳ್ಳಬೇಕು?" ಎಂದು ಮುನಿಕೃಷ್ಣ ಕೇಳಿದ.

ಚೌರಪ್ಪ ಮೇಷ್ಟ್ರು ಬಡಾವಣೆಯ ಶಾಲೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸಿ ನಿವೃತ್ತರಾದವರು. ಮುನಿಕೃಷ್ಣ ಅವರ ಬಳಿ ಕಲಿತವನು. ಆಟಗಾರನಾಗಲಿಲ್ಲ, ಅಭಿಮಾನಿಯಾದ. ಬಡಾವಣೆಯ ತಂಡ ಆಡುವಾಗ ಗ್ಯಾಲರಿಯಲ್ಲಿ ಮೊದಲು ಕೂಗುವವನು ಅವನೇ. ಅವನು ಕೂಗಿದರೆ ಉಳಿದವರು ಕೂಗುತ್ತಾರೆ. ಹಿಂದಿನ ದಿನ ಆ ತಂಡ ಸೋತಿತ್ತು. ಅದು ಋತುವಿನ ಮೂರನೆಯ ಪಂದ್ಯ, ಮೂರನೆಯ ಸೋಲು.

ಮುನಿಕೃಷ್ಣನ ಕಂಕುಳಲ್ಲಿ ಸುತ್ತಿದ ಬಿಳಿ ಬಟ್ಟೆ ಇತ್ತು. ಬಿಡಿಸಿ ತೋರಿಸಿದ. ಕಪ್ಪು ಬಣ್ಣದಲ್ಲಿ 'ಗೆದ್ದು ತೋರಿಸಿ, ಆಮೇಲೆ ಕೂಗುತ್ತೇವೆ' ಎಂದು ಬರೆದಿತ್ತು.

"ಯಾರ ಹತ್ತಿರ ಸೋತರು ಗೊತ್ತಾ? ಈ ವರ್ಷ ತಾನೇ ಮೇಲಿನ ದರ್ಜೆಗೆ ಬಂದವರ ಹತ್ತಿರ. ಗೋಲು ಹೊಡೆಯೋನನ್ನ ಬಿಟ್ಟುಕೊಟ್ಟರು. ಅವನ ಜಾಗಕ್ಕೆ ಬಂದೋನು ಚೆಂಡು ಕಂಡರೆ ಬೀದಿನಾಯಿ ಕಂಡವನ ಹಾಗೆ ಪಕ್ಕಕ್ಕೆ ಸರೀತಾನೆ. ಕೇಳಿದರೆ, ಇನ್ನೂ ಋತು ಶುರು ಕಣಪ್ಪ ಅಂತಾರೆ. ಹೋದ ವರ್ಷವೂ ಅಕ್ಟೋಬರ್ ತನಕ ಶುರುವೇ ಇತ್ತು. ಆಮೇಲೆ ಒಂದೇ ಸಲ ಕೊನೆ ಆಯ್ತು."

ಮೇಷ್ಟ್ರು ಬಟ್ಟೆಯ ಮೇಲಿನ ಅಕ್ಷರಗಳನ್ನು ಓದಿದರು.

"ಬರೋ ಭಾನುವಾರ ಇದನ್ನ ಕಟ್ಟಿ ಸುಮ್ಮನೆ ಕೂರ್ತೀವಿ. ಇಡೀ ಗ್ಯಾಲರಿ ಬಾಯಿ ಬಿಡಲ್ಲ. ಸಂಜೆಯೊಳಗೆ ಹುಡುಗರಿಗೆ ಹೂಂ ಅನ್ನಬೇಕು. ಸರಿಯೋ ತಪ್ಪೋ, ನೀವೇ ಹೇಳಿ."

"ಬಟ್ಟೆ ಸುತ್ತು. ಕೂತ್ಕೋ," ಎಂದರು ಮೇಷ್ಟ್ರು. ಆಮೇಲೆ ಈ ಕತೆ ಹೇಳಿದರು.

ಒಂದು ಗಣಿಯ ಊರು. ಬೆಟ್ಟದ ಮೇಲೆ ಇತ್ತು. ಬೆಟ್ಟದಲ್ಲಿ ಕಬ್ಬಿಣದ ಅದಿರು. ಬೇರೆ ಬೇರೆ ಸೀಮೆಗಳಿಂದ ಬಂದ ಜನ ಅಲ್ಲಿ ಅಗೆಯುತ್ತಿದ್ದರು. ಅವರ ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ. ಎಲ್ಲರಿಗೂ ಸೇರಿ ಇದ್ದದ್ದು ಒಂದು ಫುಟ್‌ಬಾಲ್ ತಂಡ.

ಅವರ ಮೈದಾನ ಬೆಟ್ಟದ ಪಕ್ಕವನ್ನು ಕಡಿದು ಮಾಡಿದ ಸಮತಟ್ಟು. ಒಂದು ತುದಿಯ ಗೋಲಿನ ಹಿಂದೆ ಬೆಟ್ಟದ ಗೋಡೆ. ಇನ್ನೊಂದು ತುದಿಯ ಗೋಲಿನ ಹಿಂದೆ ಒಂದು ಲಾರಿ ತಿರುಗುವಷ್ಟು ಜಾಗ, ಅದರಾಚೆ ಅಗೆದು ಬಿಟ್ಟ ಹಳೆಯ ಹೊಂಡ. ಹೊಂಡದ ಅಂಚಿಗೆ ಹಿಂದೆ ಬೇಲಿ ಇತ್ತು. ತುಕ್ಕು ಹಿಡಿದು ಬಿತ್ತು. ಯಾರೂ ಮತ್ತೆ ಕಟ್ಟಲಿಲ್ಲ. ಬೇಲಿ ಇಲ್ಲದೆಯೂ ಯಾರೂ ಬಿದ್ದಿರಲಿಲ್ಲ.

ಆ ಊರಿನಲ್ಲಿ ಒಬ್ಬ ಕಮ್ಮಾರ ಇದ್ದ. ಕಲ್ಲು ಕೊರೆಯುವ ಉಳಿಗಳನ್ನು ಕಾಯಿಸಿ ಮೊನೆ ಮಾಡುವುದು ಅವನ ಕೆಲಸ. ತಂಡವೆಂದರೆ ಅವನಿಗೆ ಪ್ರಾಣ. ಹೊಂಡದ ಕಡೆಯ ಗೋಲಿನ ಹಿಂದೆ, ಅಂಚಿನ ಈಚೆಗೆ, ಅವನು ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನೆಟ್ಟಿದ್ದ. ಅದಕ್ಕೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದ. ಶಾಲೆಗಳಲ್ಲಿ ಗಂಟೆಗೆ ಬಡಿಯುತ್ತಾರಲ್ಲ, ಅಂಥದ್ದು. ಪಂದ್ಯ ಶುರುವಾದರೆ ಮುಗಿಯುವ ತನಕ ಅದನ್ನು ಸುತ್ತಿಗೆಯಿಂದ ಬಡಿಯುತ್ತಿದ್ದ. ಬಿಡುವು ಕೊಡುತ್ತಿರಲಿಲ್ಲ. ಬೇರೆ ಊರಿನವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಊರಿನವರಿಗೆ ಅದು ಅಭ್ಯಾಸವಾಗಿತ್ತು.

ಆ ಬೆಟ್ಟದಲ್ಲಿ ಮಂಜು ಹೇಳದೆ ಬರುತ್ತಿತ್ತು. ಬಂದರೆ ಪಕ್ಕದವನ ಮುಖ ಕಾಣುತ್ತಿರಲಿಲ್ಲ. ಆದರೂ ಆಟ ನಿಲ್ಲುತ್ತಿರಲಿಲ್ಲ. ನಿಲ್ಲಿಸುತ್ತ ಹೋದರೆ ಅಲ್ಲಿ ಯಾವ ಪಂದ್ಯವೂ ಮುಗಿಯುವುದಿಲ್ಲ.

ಒಂದು ವರ್ಷ ಹಳೆಯ ಗೋಲ್‌ಕೀಪರ್ ಆಟ ಬಿಟ್ಟ. ಅವನ ಜಾಗಕ್ಕೆ ಅದಿರು ತುಂಬುವ ಒಬ್ಬ ತರುಣ ಬಂದ. ಮೊದಲ ಪಂದ್ಯದಲ್ಲಿ ಚೆಂಡು ಅವನ ಕೈಯಿಂದ ಜಾರಿ ಒಳಗೆ ಹೋಯಿತು. ತಂಡ ಸೋತಿತು. ಎರಡನೆಯದರಲ್ಲಿ ಗೋಲು ಬಿಟ್ಟು ಮುಂದೆ ಬಂದ, ಚೆಂಡು ಅವನ ತಲೆಯ ಮೇಲಿಂದ ಹೋಯಿತು. ಮತ್ತೆ ಸೋಲು.

ಕಮ್ಮಾರ ಮನೆಗೆ ನಡೆದು ಹೋದ. ಬಲಗೈ ಭುಜದಿಂದ ಬೆರಳಿನ ತನಕ ನೋಯುತ್ತಿತ್ತು. ನಾನು ಒಂದು ಏಟೂ ತಪ್ಪಲಿಲ್ಲ, ಅವನು ಎರಡೂ ಸಲ ತಪ್ಪಿದ ಎಂದುಕೊಂಡ. ಮುಂದೆ ಇನ್ನೂ ಇಡೀ ಋತು ಇತ್ತು. ಅದೂ ಅವನಿಗೆ ಸಮಾಧಾನ ತರಲಿಲ್ಲ. ಇನ್ನೂ ಎಷ್ಟು ಸೋಲಿಗೆ ಈ ಕೈ ನೋಯಬೇಕು ಎಂದಷ್ಟೇ ಅನ್ನಿಸಿತು. ಹೆಂಡತಿ ಎಣ್ಣೆ ಕಾಯಿಸಿ ತಂದಳು. ಬೇಡ ಎಂದ.

ಮರುದಿನ ಚಹಾ ಅಂಗಡಿಯಲ್ಲಿ ಆ ತರುಣ ಸಿಕ್ಕ. ಅಂಗಡಿ ತುಂಬ ಜನ ಇದ್ದರು.

"ಏನಪ್ಪಾ, ಬರುವಾಗ ಕೈಗೆ ಬೆಣ್ಣೆ ಸವರಿಕೊಂಡು ಬರ್ತೀಯೋ, ಇಲ್ಲ ಅಲ್ಲೇ ಯಾರಾದರೂ ಹಚ್ಚುತ್ತಾರೋ?" ಎಂದು ಕಮ್ಮಾರ ಕೇಳಿದ.

ಜನ ನಕ್ಕರು. ತರುಣ ಲೋಟ ಕೆಳಗಿಟ್ಟ. "ಈಗ ತಾನೇ ಶುರು, ಅಣ್ಣ. ಕೈ ಕೂರೋಕೆ ಸ್ವಲ್ಪ ದಿನ ಕೊಡಿ."

"ದಿನ ಕೊಡೋಕೆ ನಾನೇನು ಪಂಚಾಂಗದವನಾ? ಮೊದಲು ಗೆದ್ದು ತೋರಿಸು. ಅಲ್ಲೀತನಕ ಆ ಕಂಬಿ ಬಡಿಯಲ್ಲ."

ತರುಣನ ಮುಖ ಸಣ್ಣದಾಯಿತು. "ಬೈಯಿರಿ ಅಣ್ಣ, ಬೇಕಾದರೆ ಎರಡು ಏಟು ಹಾಕಿ. ಬಡಿಯೋದು ಮಾತ್ರ ಬಿಡಬೇಡಿ."

"ಯಾಕೆ?"

ತರುಣ ಯೋಚಿಸಿದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಆ ಮೈದಾನದಲ್ಲಿ ಆಡಿದವರು ಅವರು. ಸದ್ದು ಎತ್ತಲಿಂದ ಬರುತ್ತಿದೆಯೋ ಅತ್ತ ಹೊಂಡ ಎಂಬುದು ಅವರ ಕಾಲುಗಳಿಗೆ ಗೊತ್ತಿತ್ತು. ಎದೆಯಲ್ಲಿ ಸದ್ದು ಅದುರಿದರೆ ಕಾಲು ತಾನಾಗಿ ನಿಲ್ಲುತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಆಡುವ ಸಂದರ್ಭವೇ ಬಂದಿರಲಿಲ್ಲ.

"ಅದು ಇದ್ದರೆ ಒಂಥರಾ... ಸರಿ ಇರುತ್ತೆ," ಎಂದ ತರುಣ.

"ಕೇಳಿದ್ರೇನ್ರಪ್ಪಾ! ಮಗೂಗೆ ಗಿಲಕಿ ಆಡಿಸಬೇಕಂತೆ!" ಎಂದ ಕಮ್ಮಾರ. ಅಂಗಡಿಯೇ ನಕ್ಕಿತು. ತರುಣನೂ ನಗಲು ನೋಡಿದ.

ಮೂರನೆಯ ಪಂದ್ಯಕ್ಕೆ ಕಮ್ಮಾರ ಎಲ್ಲರಿಗಿಂತ ಮೊದಲು ಬಂದ. ತನ್ನ ಜಾಗದಲ್ಲೇ ನಿಂತ. ಸುತ್ತಿಗೆ ತಂದಿದ್ದ. ತಂದೂ ಬಡಿಯುತ್ತಿಲ್ಲ ಎಂದು ಎಲ್ಲರಿಗೂ ಕಾಣಬೇಕಿತ್ತು. ಪಂದ್ಯ ಶುರುವಾಯಿತು. ಕಮ್ಮಾರ ಕೈ ಕಟ್ಟಿಕೊಂಡ. ಜನ ತಿರುಗಿ ತಿರುಗಿ ಅವನ ಕಡೆ ನೋಡಿದರು. ಒಬ್ಬ, "ಇವತ್ತು ನಮ್ಮಣ್ಣ ಬುದ್ಧಿ ಕಲಿಸ್ತಾನೆ," ಎಂದ. ಕಮ್ಮಾರನಿಗೆ ಅದು ಕೇಳಿಸಿತು. ಹಿತವಾಯಿತು.

ಮೊದಲರ್ಧ ಬಿಸಿಲಿತ್ತು. ಎರಡೂ ಕಡೆ ಗೋಲಿಲ್ಲ. ಹೊಸ ತರುಣ ಎರಡು ಒಳ್ಳೆಯ ಚೆಂಡು ಹಿಡಿದ. ಕಮ್ಮಾರ ಅದನ್ನು ನೋಡಿದ. ಬಡಿಯಲಿಲ್ಲ. ಗೆದ್ದ ಮೇಲೆ ಎಂದು ಹೇಳಿ ಆಗಿತ್ತು.

ಅರ್ಧ ಮುಗಿದು ತಂಡಗಳು ಬದಿ ಬದಲಿಸಿದವು. ತರುಣ ಹೊಂಡದ ಕಡೆಯ ಗೋಲಿಗೆ ಬಂದ. ಕಮ್ಮಾರನ ಮುಂದೆಯೇ ನಿಂತ. ಒಮ್ಮೆ ತಿರುಗಿ ನೋಡಿದ. ಕಮ್ಮಾರ ಮುಖ ಆಚೆ ಮಾಡಿದ.

ಆಮೇಲೆ ಮಂಜು ಬಂತು.

ಮೊದಲು ಬೆಟ್ಟದ ಗೋಡೆ ಕಣ್ಣಿಗೆ ಮರೆಯಾಯಿತು. ಹಿಂದೆಯೇ ಆಟಗಾರರು ಹೋದರು, ಗೋಲಿನ ಕಂಬಗಳೂ ಹೋದವು. ಕೂಗು ಮಾತ್ರ ಉಳಿಯಿತು. ಚೆಂಡನ್ನು ಹಿಡಿಯಲು ತರುಣ ಗೋಲು ಬಿಟ್ಟು ಮುಂದೆ ಓಡಿದ್ದ. ಯಾರೋ ಚೆಂಡನ್ನು ಅವನ ತಲೆಯ ಮೇಲಿಂದ ಒದ್ದರು. ಅದು ಹಿಂದೆಲ್ಲೋ ನೆಲಕ್ಕೆ ಬಡಿದ ಸದ್ದು ಕೇಳಿತು. ಅವನು ತಿರುಗಿದ. ಗೋಲು ಎಲ್ಲಿದೆ ಎಂದು ತಿಳಿಯಲಿಲ್ಲ.

"ಅಣ್ಣಾ!" ಎಂದು ಕೂಗಿದ. "ಒಂದೇ ಒಂದು ಏಟು ಬಡೀರಿ!"

ಕಮ್ಮಾರನಿಗೆ ಕೇಳಿಸಿತು. ಈಗ ಬಂದನಲ್ಲ ದಾರಿಗೆ ಎಂದುಕೊಂಡ. ತನ್ನ ಬೆಲೆ ಗೊತ್ತಾಗಲಿ ಎಂದುಕೊಂಡ. ಅವನು ಹುರುಪಿಗಾಗಿ ಬೇಡುತ್ತಿದ್ದಾನೆ ಎಂದೇ ಕಮ್ಮಾರ ತಿಳಿದಿದ್ದ. ಸುತ್ತಿಗೆ ಕೈಯಲ್ಲಿತ್ತು. ಕಂಬಿ ಕೈಗೆಟಕುವಷ್ಟು ಹತ್ತಿರ ಇತ್ತು.

"ಅಣ್ಣಾ, ಎಲ್ಲಿದ್ದೀರಾ?"

ಕಮ್ಮಾರ ಮಾತಾಡಲಿಲ್ಲ.

ಓಡುವ ಕಾಲಿನ ಸದ್ದು ಹತ್ತಿರ ಬಂತು. ಗೋಲಿನ ಪಕ್ಕಕ್ಕೆ, ಕಂಬದ ಹೊರಗಿನಿಂದ ಬಂತು. ಚೆಂಡು ಮುಂದೆ ಉರುಳುತ್ತಿತ್ತು. ಅದರ ಹಿಂದೆ ತರುಣ. ಕಮ್ಮಾರನಿಗೆ ಅವನ ಮುಖ ಕಂಡದ್ದು ಒಂದು ತೋಳಿನ ದೂರದಲ್ಲಿ. ತರುಣ ನೋಡುತ್ತಿದ್ದದ್ದು ಚೆಂಡನ್ನು. ಅದು ಗೋಲಿನೊಳಗೆ ಹೋಗದಂತೆ ಹಿಡಿಯಬೇಕೆಂದೇ ಅವನು ಇನ್ನೂ ಓಡುತ್ತಿದ್ದ.

ಆಮೇಲೆ ಕಮ್ಮಾರ ಬಡಿದ. ಹುಚ್ಚನ ಹಾಗೆ ಬಡಿದ. ಆ ಸದ್ದು ಹಿಡಿದುಕೊಂಡು ಜನ ಹೊಂಡದ ಅಂಚಿಗೆ ಬಂದರು.

ಮೇಷ್ಟ್ರು ಅಷ್ಟಕ್ಕೆ ನಿಲ್ಲಿಸಿದರು. ಮುನಿಕೃಷ್ಣ ಮುಂದಕ್ಕೆ ಬಾಗಿದ.

"ಬದುಕಿದನಾ?"

"ಬದುಕಿದ."

"ತಂಡ?"

"ಆ ಪಂದ್ಯ ಮುಗಿಯಲಿಲ್ಲ. ಮುಂದಿನದನ್ನು ಗೆದ್ದರು. ಆಮೇಲೆ ಗೆಲ್ಲುತ್ತಲೇ ಹೋದರು. ಬೇಸಿಗೆಯ ಹೊತ್ತಿಗೆ ಕಪ್ ಊರಿಗೆ ಬಂತು. ಶುರುವಿನ ಸೋಲುಗಳನ್ನು ಜನ ಮರೆತರು."

ಮುನಿಕೃಷ್ಣ ಉಸಿರು ಬಿಟ್ಟ. "ಸದ್ಯ! ಹಾಗಾದರೆ ಕಮ್ಮಾರ ಮತ್ತೆ ಬಡಿಯೋಕೆ ಶುರು ಮಾಡಿದ ಅನ್ನಿ."

"ಇಲ್ಲ. ಕುಲುಮೆಯಲ್ಲಿ ಎತ್ತಿದ ಸುತ್ತಿಗೆ ಇಳಿಯುತ್ತಿತ್ತು. ಆ ಕಂಬಿಯ ಮುಂದೆ ಎತ್ತಿದ್ದು ಇಳಿಯುತ್ತಿರಲಿಲ್ಲ. ಎರಡು ಪಂದ್ಯ ಹಾಗೆ ಕೈ ಎತ್ತಿಕೊಂಡು ನಿಂತ. ಜನ ನೋಡಲಾರದೆ ಕೈಹಿಡಿದು ಮನೆಗೆ ಕಳಿಸಿದರು. ಮತ್ತೆ ಅವನು ಮೈದಾನಕ್ಕೆ ಬರಲಿಲ್ಲ. ಆದರೆ ಅದು ಬೆಟ್ಟದ ಊರು. ಮುಂದಿನ ವರ್ಷದಿಂದ, ಬಾಗಿಲು ಹಾಕಿಕೊಂಡರೂ ಕಂಬಿಯ ಸದ್ದು ಅವನ ಮನೆಯೊಳಗೆ ಕೇಳುತ್ತಿತ್ತು. ತಂಡ ಗೆದ್ದ ದಿನವೂ ಕೇಳುತ್ತಿತ್ತು, ಸೋತ ದಿನವೂ ಕೇಳುತ್ತಿತ್ತು. ಒಂದು ಏಟೂ ತಪ್ಪುತ್ತಿರಲಿಲ್ಲ."

ಮುನಿಕೃಷ್ಣ ಮಡಿಲಲ್ಲಿದ್ದ ಬಟ್ಟೆಯ ಸುರುಳಿಯನ್ನು ಪಕ್ಕಕ್ಕಿಟ್ಟ.

"ಕಮ್ಮಾರ ಬರಲಿಲ್ಲ ಅಂದಮೇಲೆ ಬಡೀತಿದ್ದವರು ಯಾರು, ಮೇಷ್ಟ್ರೇ?"

"ಗೋಲು ಕಾಯುತ್ತಿದ್ದವನು," ಎಂದರು ಮೇಷ್ಟ್ರು. "ಒಂದೇ ಕಾಲು ಉಳಿದವನಿಗೆ ಆ ಮೈದಾನದಲ್ಲಿ ಬೇರೆ ಜಾಗ ಇರಲಿಲ್ಲ."