ಬಂಡೆತಾಯಿಯ ವಯಸ್ಸು ಹೇಳಿದ ಹರಳುಗಳು

ಭೂಮಿಗೆ ಇನ್ನೂ ಮೈ ಆರಿರಲಿಲ್ಲ ನೋಡು ಕೂಸೇ, ಆಗಿನ ಮಾತು ಇದು. ನೆಲದಡಿಯಲ್ಲಿ ಕಲ್ಲು ಗಂಜಿಯ ಹಾಗೆ ಕೊತಕೊತ ಕುದಿಯುತ್ತಿತ್ತು. ಕುದಿದು, ಆರಿ, ಗಟ್ಟಿಯಾಗಿ ಒಂದು ದೊಡ್ಡ ಬಂಡೆಯಾಯಿತು. ಆ ಬಂಡೆತಾಯಿಯ ಹೊಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಇಬ್ಬರು ಹೆಣ್ಣುಮಕ್ಕಳಿದ್ದರು. ಇಬ್ಬರೂ ಜಿರ್ಕಾನ್ ಹರಳುಗಳು. ಅಕ್ಕ ಕೆಂಚಿ, ತಂಗಿ ತಿಳಿಯವ್ವ.

ಅವರು ಹುಟ್ಟುವಾಗಲೇ ಬಂಡೆತಾಯಿ ಹೇಳಿದ್ದಳು: "ಯುರೇನಿಯಂ ಬಂದ್ರೆ ಒಳಗೆ ಬಿಟ್ಕೊಳ್ಳಿ. ಸೀಸ ಬಂದ್ರೆ ಬಾಗಿಲು ಹಾಕ್ಕೊಳ್ಳಿ. ಒಳಗಿರೋ ಯುರೇನಿಯಂ ತಾನಾಗೇ ನಿಧಾನಕ್ಕೆ ಸೀಸ ಆಗುತ್ತೆ. ಎಷ್ಟು ಯುರೇನಿಯಂಗೆ ಎಷ್ಟು ಸೀಸ ಆಗಿದೆ ಅಂತ ನೋಡಿದ್ರೆ ನನ್ನ ವಯಸ್ಸು ತಿಳಿಯುತ್ತೆ. ಆ ಸೀಸ ಮಾತ್ರ ಯಾರಿಗೂ ಕೊಡಬೇಡಿ ಮಕ್ಕಳೇ!"

ತಿಳಿಯವ್ವ ಒಂದು ಚಿಟಿಕೆ ಯುರೇನಿಯಂ ತೆಗೆದುಕೊಂಡಳು. ಕೆಂಚಿಗೆ ಅಷ್ಟು ಸಾಲಲಿಲ್ಲ. "ನಂಗಿನ್ನೂ ಬೇಕು! ಇನ್ನೂ ಬೇಕು!" ಎಂದು ಗಬಗಬನೆ ತುಂಬಿಕೊಂಡಳು.

ಯುರೇನಿಯಂ ಸುಮ್ಮನೆ ಕೂರುತ್ತದೆಯೇ? ಸೀಸವಾಗುತ್ತಾ ಎಷ್ಟೋ ಕಾಲ ಸಿಡಿದು ಸಿಡಿದು ಕೆಂಚಿಯ ಗೋಡೆಗೆ ಒಳಗಿನಿಂದಲೇ ಗುದ್ದಿತು. ಅವಳ ಮೈ ಮಬ್ಬಾಯಿತು, ಕಂದಾಯಿತು, ಬಿರುಕು ಬಿಟ್ಟಿತು.

ಆಗ ಆಳದಿಂದ ಬಿಸಿನೀರು ಬುಸುಗುಡುತ್ತಾ ಬಂತು!

"ತಿಳಿಯವ್ವಾ, ಬಾಗಿಲು ತೆಗಿಯೇ!"

"ತೆಗೆಯಲ್ಲ!"

ನೀರು ಬಡಿಯಿತು, ತಳ್ಳಿತು. ಬಾಗಿಲು ಅಲ್ಲಾಡಲಿಲ್ಲ. ಕೆಂಚಿಯನ್ನು ಮಾತ್ರ ಅದು ಕೇಳಲೂ ಇಲ್ಲ. ಬಿರುಕಿನಲ್ಲಿ ನುಗ್ಗಿ ಸೀಸವನ್ನು ತೊಳೆದುಕೊಂಡು ಹೋಯಿತು. "ಅಯ್ಯೋ, ನನ್ನ ಸೀಸ!" ಎಂದು ಕೆಂಚಿ ಕೂಗಿಕೊಂಡಳು. ಮುಂದೆ ಬಂಡೆ ನೆಲದ ಮೇಲೆ ಬಂದಾಗ ಮಳೆನೀರೂ ಅದೇ ಬಿರುಕಿನಲ್ಲಿ ಇಳಿದು ಇನ್ನಷ್ಟು ಒಯ್ದಿತು.

ಎಷ್ಟೋ ಕಾಲದ ಮೇಲೆ ಒಂದು ಹೊಳೆ ದಡದಡನೆ ಬಂತು.

"ಏ ಬಂಡೆ, ದಾರಿ ಬಿಡು! ನಿನಗಿಂತ ಹಿರಿಯಳು ನಾನು. ಬಿಡದಿದ್ರೆ ಸೀಳಿ ಎರಡು ಹೋಳು ಮಾಡ್ತೀನಿ!"

"ಹಿರಿಯಳು ನಾನಮ್ಮ," ಎಂದಳು ಬಂಡೆತಾಯಿ.

"ಸಾಕ್ಷಿ ಎಲ್ಲಿ?"

"ಸಾಕ್ಷಿ ನಾನು ತರ್ತೀನಿ! ಇವಳ ಮಕ್ಕಳೊಳಗಿನ ಸೀಸ ಇವಳ ವಯಸ್ಸು ಹೇಳುತ್ತೆ!" ಎಂದ ಗಾಳಿಯಣ್ಣ. ಬಿಸಿಲು, ಮಳೆಯನ್ನೂ ಕರೆದುಕೊಂಡು ಬಂಡೆಯ ಅಂಚನ್ನು ಉಜ್ಜಿದ. ಅಂಚು ಪುಡಿಪುಡಿಯಾಗಿ ಮಣ್ಣಾಯಿತು. ಅಕ್ಕತಂಗಿಯರು ಮಾತ್ರ ಪುಡಿಯಾಗದೆ ಉರುಳಿ ದಡಕ್ಕೆ ಬಿದ್ದರು.

ಹೊಳೆ ಮೊದಲು ಕೆಂಚಿಯೊಳಗೆ ಇಣುಕಿತು. "ಇಷ್ಟೊಂದು ಯುರೇನಿಯಂಗೆ ಇಷ್ಟೇ ಇಷ್ಟು ಸೀಸ! ಇವಳಮ್ಮ ಮೊನ್ನೆ ಮೊನ್ನೆ ಹುಟ್ಟಿದವಳು!" ಎಂದು ಉಕ್ಕಿ ಉಕ್ಕಿ ಬಂಡೆಗೆ ಅಪ್ಪಳಿಸಿತು. ಬಂಡೆ ನಡುಗಿತು.

"ನಿಲ್ಲು ಹೊಳೆಯಮ್ಮಾ, ನನ್ನೊಳಗೂ ನೋಡು!" ತಿಳಿಯವ್ವ ಅಡ್ಡ ಬಂದಳು.

ಹೊಳೆ ನೋಡಿತು. ಅಲ್ಲಿ ಸೀಸ ಒಂದಿಷ್ಟೂ ಕಳೆದಿರಲಿಲ್ಲ. ಅದು ಹೇಳಿದ ವಯಸ್ಸೋ, ಅಬ್ಬಬ್ಬಾ! "ಒಬ್ಬಳು ಹಾಗಂತಾಳೆ, ಒಬ್ಬಳು ಹೀಗಂತಾಳೆ. ಯಾರನ್ನ ನಂಬಲಿ?" ಎಂದಿತು.

ಕೆಂಚಿ ಕಣ್ಣೊರೆಸಿಕೊಂಡಳು. "ಗಾಳಿಯಣ್ಣಾ, ನನ್ನ ಬಿರುಕುಬಿಟ್ಟ ಮೈಯನ್ನೆಲ್ಲ ಉಜ್ಜಿ ತೆಗೆದುಬಿಡು. ನಡುವೆ ಗಟ್ಟಿ ತಿರುಳಿದೆ. ನೀರು ಅಲ್ಲಿಗೆ ಹೋಗೋಕಾಗಿಲ್ಲ."

"ತುಂಬ ನೋವಾಗುತ್ತೆ ಕೆಂಚಿ."

"ಆಗಲಿ! ಅಮ್ಮ ಉಳೀಲಿ!"

ಗಾಳಿಯಣ್ಣ ಮರಳೆತ್ತಿ ಉಜ್ಜಿದ, ಉಜ್ಜಿದ, ಉಜ್ಜೇ ಉಜ್ಜಿದ. ಮಬ್ಬೆಲ್ಲ ಉದುರಿತು. ಒಳಗಿನಿಂದ ಫಳಫಳ ಹೊಳೆಯುವ ಪುಟ್ಟ ತಿರುಳು ಹೊರಬಂತು! ಅದರ ಸೀಸ ಹೇಳಿದ್ದೂ ತಂಗಿ ಹೇಳಿದ ವಯಸ್ಸನ್ನೇ!

ಹೊಳೆ ತಣ್ಣಗಾಯಿತು. "ತಪ್ಪಾಯ್ತು ದೊಡ್ಡಮ್ಮಾ," ಎಂದು ಪಕ್ಕಕ್ಕೆ ತಿರುಗಿತು. ಬಂಡೆತಾಯಿ ತನ್ನ ಮಕ್ಕಳನ್ನು ಅದರ ಮರಳಿನ ಮಡಿಲಿಗೇ ಹಾಕಿದಳು.

ಅದಕ್ಕೇ ಕೂಸೇ, ಇವತ್ತಿಗೂ ಹೊಳೆ ದೊಡ್ಡ ಬಂಡೆ ಕಂಡರೆ ಬಳಸಿಕೊಂಡು ಹರಿಯುತ್ತದೆ, ಕಲ್ಲಿನ ವಯಸ್ಸು ಹುಡುಕುವವರು ಮರಳಿನಲ್ಲಿ ತಿಳಿಯಾದ ಹರಳನ್ನೇ ಆರಿಸುತ್ತಾರೆ, ಮಬ್ಬಾದದ್ದು ಸಿಕ್ಕರೂ ಬಿಸಾಡದೆ ಅದರ ಕೆಟ್ಟ ಮೈಯನ್ನು ಆಮ್ಲದಲ್ಲಿ ಕರಗಿಸಿ, ಗಟ್ಟಿ ತಿರುಳಿಗೆ ಕಿವಿಗೊಡುತ್ತಾರೆ.